ಚಕ್ರರತ್ನವು ತಡೆದು ನಿಂತ ಪ್ರಸಂಗ

ರಾಜ್ಯಪದವಿಯು ಹೊರಗೆ ಭೋಗವಾಗಿಯೂ ಒಳಗೆ ಭಯವಾಗಿಯೂ ಇರುತ್ತದೆಂಬ ಅರಿವು ಪ್ರಾಚೀನರಿಗೆ ಇದ್ದಿತು. ಸಿರಾಕ್ಯೂಸಿನ ಅರಸ ಡಯೊನೀಸಿಯಸನು ತನ್ನ ಭಾಗ್ಯವನ್ನು ಹೊಗಳಿದ ಡೆಮೊಕ್ಲಿಸನನ್ನು ರಾಜಯೋಗ್ಯವಾದ ಆಸನದಲ್ಲಿ ಕುಳ್ಳಿರಿಸಿ, ಅವನ ತಲೆಯ ಮೇಲೆ ಕುದುರೆಗೂದಲಿನಿಂದ ಕತ್ತಿಯನ್ನು ತೂಗಿಬಿಡಿಸಿದ ಕಥೆಯನ್ನು ರೋಮಿನ ಸಿಸೆರೊ ಕ್ರಿ.ಪೂ. 1ನೆಯ ಶತಮಾನದಲ್ಲಿ ಹೇಳಿದ್ದಾನೆ. ಜೈನ ಪರಂಪರೆಯಲ್ಲಿ ಇದಕ್ಕೆ ಸಮೀಪವಾದುದು ಎಣ್ಣೆಯ ಬಟ್ಟಲಿನ ದೃಷ್ಟಾಂತ. ಚಕ್ರವರ್ತಿಯು ವಿರಾಗಿಯಾಗಿರುವುದು ಹೇಗೆಂದು ಶಂಕಿಸಿದವನ ಕೈಗೆ ಭರತನು ತುಂಬಿದ ಬಟ್ಟಲನ್ನಿತ್ತು, ಹನಿ ತುಳುಕಿದರೆ ತಲೆ ಹೋಗುವುದೆಂದು ವಿಧಿಸಿ, ಕತ್ತಿ ಹಿರಿದ ಭಟರೊಡನೆ ನಗರವನ್ನು ಸುತ್ತಿಸಿದನೆಂದು ಹೇಳುತ್ತಾರೆ.

ಈ ಎರಡರಲ್ಲಿಯೂ ಅಪಾಯವು ಅನ್ಯರ ಕತ್ತಿಯ ರೂಪದಲ್ಲಿದೆ. ಆದಿಪುರಾಣದ ಪರಂಪರೆಯು ಇನ್ನೂ ಒಳಹೊಕ್ಕು ನೋಡುತ್ತದೆ. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿಯೂ, ಅದನ್ನು ಅನುಸರಿಸಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಭರತನ ಎದುರಾಳಿಯು ಅವನ ಅಧಿಕಾರವೇ ಆಗಿದೆ.

ಷಟ್ಖಂಡವನ್ನು ಗೆದ್ದ ಭರತನು ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಬಂದಾಗ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ತುಂಬಿದ ಆ ಬೆಟ್ಟದಲ್ಲಿ ಎಡೆಯೇ ಇರಲಿಲ್ಲ. ಒಬ್ಬನ ಹೆಸರನ್ನು ಅಳಿಸಿಯೇ ತನ್ನ ಹೆಸರನ್ನು ಬರೆಯಿಸಬೇಕಾಯಿತು. ತನ್ನ ಬರೆಹಕ್ಕೂ ಮುಂದೆ ಅದೇ ಗತಿಯೆಂಬುದು ಅಲ್ಲಿಯೇ ಸೂಚಿತವಾಗಿದೆ. ಆದರೂ ಗರ್ವವು ಪೂರ್ಣವಾಗಿ ಅಳಿಯಲಿಲ್ಲ. ಹಿಂದಿರುಗುವಾಗ ಚಕ್ರರತ್ನವು ಅಯೋಧ್ಯೆಯ ಬಾಗಿಲಲ್ಲಿ ತಡೆದು ನಿಂತಿತು. ಒಡಹುಟ್ಟಿದವರು ಎರಗದೆ ದಿಗ್ವಿಜಯವು ಪೂರ್ಣವಾಗದೆಂಬುದೇ ಅದರ ಅರ್ಥ. ಲೋಕವನ್ನು ಗೆದ್ದುಕೊಟ್ಟ ಸಾಧನವೇ ಗೆದ್ದವನನ್ನು ಮನೆಯೊಳಗಣ ಯುದ್ಧಕ್ಕೆ ನೂಕಿತು. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಸೋತ ಭರತನು ಕೋಪದಿಂದ ಚಕ್ರವನ್ನು ತಮ್ಮನ ಮೇಲೆ ಪ್ರಯೋಗಿಸಿದನು. ಅದು ಬಾಹುಬಲಿಯನ್ನು ಬಲಗೊಂಡು ನಿಂತಿತು. ಗೆದ್ದ ಬಾಹುಬಲಿಗೆ ರಾಜ್ಯದ ನಿಜಸ್ವರೂಪವು ತೋರಿತು. ಅವನು ಅದನ್ನು ಬಿಟ್ಟು ತಪಸ್ಸಿಗೆ ನಡೆದನು.

16ನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿಯು ಸಾಂಗತ್ಯದಲ್ಲಿ ರಚಿಸಿದ ಭರತೇಶವೈಭವದಲ್ಲಿ ಈ ಕಾಳಗಗಳನ್ನು ಕೈಬಿಟ್ಟು, ಭರತನ ಮಾತಿನಿಂದಲೇ ವಿರೋಧವನ್ನು ಶಮನಗೊಳಿಸಿದ್ದಾನೆ. ಇದು ಕೇವಲ ಕಥಾಭೇದವಲ್ಲ. ಭೋಗದಲ್ಲಿದ್ದೂ ಯೋಗಿಯಾದ ಭರತನನ್ನು ಚಿತ್ರಿಸಹೊರಟ ಕವಿಗೆ ತಮ್ಮನ ಮೇಲೆ ಚಕ್ರವೆಸೆಯುವ ಭರತನು ಒಗ್ಗಲಾರನು. ಪಂಪನ ಭರತನು ಎಡವಿ ಎಚ್ಚರಗೊಂಡರೆ ರತ್ನಾಕರನ ಭರತನು ಎಣ್ಣೆಯ ಬಟ್ಟಲನ್ನು ಹಿಡಿದವನಂತೆ ಮೊದಲಿನಿಂದಲೂ ಎಚ್ಚರವುಳ್ಳವನು.

ಕರ್ಣಾಟಕದ ಅರಸರಿಗೆ ಇದು ಬರಿಯ ಪುರಾಣವಾಗಿರಲಿಲ್ಲ. ಜಿನಸೇನರನ್ನು ಗೌರವಿಸಿದ ರಾಷ್ಟ್ರಕೂಟ ಅಮೋಘವರ್ಷನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಪ್ರಶ್ನೋತ್ತರರತ್ನಮಾಲಿಕೆಯ ಅಂತ್ಯದಲ್ಲಿ ಹೇಳಿದೆ. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟ ಸಾಮ್ರಾಜ್ಯವು ಅಳಿಯಿತು. ಅದನ್ನು ಎತ್ತಿನಿಲ್ಲಿಸಲು ಹೆಣಗಿದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿಯೂ, ಅವನು ಪಟ್ಟಗಟ್ಟಿದ ನಾಲ್ಕನೆಯ ಇಂದ್ರನು ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿಯೂ ಸಲ್ಲೇಖನದಿಂದ ದೇಹವನ್ನು ಬಿಟ್ಟರು. ಸರಿಸುಮಾರು ಅದೇ ಕಾಲದಲ್ಲಿ, ಮಾರಸಿಂಹನ ಮಂತ್ರಿಯಾಗಿದ್ದ ಚಾವುಂಡರಾಯನು ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯ ಮೂರ್ತಿಯನ್ನು ಕಡೆಯಿಸಿದನು. ರಾಷ್ಟ್ರಕೂಟ ಸಾಮ್ರಾಜ್ಯದ ಕುಸಿತವನ್ನು ಕಂಡ ಸೇನಾಪತಿಯು ಆರಿಸಿಕೊಂಡುದು ಗೆದ್ದ ರಾಜ್ಯವನ್ನು ಬಿಟ್ಟವನನ್ನು. ಈ ಆಯ್ಕೆಯಲ್ಲಿ ಆದಿಪುರಾಣದ ಬೋಧೆಯು ಶಿಲೆಯಾಗಿ ನಿಂತಿದೆ.