ಬಡಗಣ ದಿಕ್ಕಿನಿಂದ ಬಂದ ಹೆಸರು

ಯುರೋಪಿನ ಉತ್ತರದಿಂದ ಹಡಗೇರಿ ಬಂದವರಿಗೆ ಫ್ರಾನ್ಸಿನಲ್ಲಿ ನಾರ್ಮನ್, ಅಂದರೆ 'ಉತ್ತರದವರು', ಎಂಬ ಹೆಸರು ನಿಂತು, 911ರ ಒಪ್ಪಂದದ ಬಳಿಕ ಅವರು ನೆಲೆಸಿದ ನಾಡೇ ಮುಂದೆ ನಾರ್ಮಂಡಿಯಾಯಿತು. ನೀಲಗಿರಿಯ ಕೆತ್ತಿ ಕಣಿವೆಯ ಹಟ್ಟಿಗಳಲ್ಲಿ, ಎಂದರೆ ಸಾಲುಮನೆಗಳ ಊರುಗಳಲ್ಲಿ, ಬಾಳುತ್ತಿರುವ ಬಡಗರ ಹೆಸರೂ ಅದೇ ಬಗೆಯದು. ಉತ್ತರ ದಿಕ್ಕನ್ನು ಸೂಚಿಸುವ 'ಬಡಗು' ಎಂಬ ಹಳೆಯ ಕನ್ನಡ ಪದದಿಂದ ಅದು ಹುಟ್ಟಿದ್ದು, ಯಕ್ಷಗಾನದ ಬಡಗುತಿಟ್ಟಿನಲ್ಲಿ ಆ ಪದ ಇಂದಿಗೂ ಉಳಿದಿದೆ. ಪೂರ್ವಿಕರು ಮೈಸೂರು ಸೀಮೆಯಿಂದ ಬೆಟ್ಟವೇರಿದರೆಂಬುದು ಸಮುದಾಯದ ನೆನಪು. ಕನ್ನಡಕ್ಕೆ ತೀರ ಹತ್ತಿರವಾದ ಬಡಗ ನುಡಿಯೂ ಅದನ್ನು ಬೆಂಬಲಿಸುತ್ತದೆ. 1603ರಲ್ಲಿ ಬೆಟ್ಟಕ್ಕೆ ಬಂದ ಜೆಸ್ವಿಟ್ ಪಾದ್ರಿ ಫೆನಿಚಿಯೊ ಅಲ್ಲಿನ ಮತ್ತೊಂದು ಸಮುದಾಯವಾದ ತೊದವರೊಂದಿಗೆ ಬಡಗರನ್ನೂ ಹೆಸರಿಸಿರುವುದರಿಂದ, ಆ ವೇಳೆಗಾಗಲೇ ಅವರು ಅಲ್ಲಿ ನೆಲೆಸಿದ್ದುದು ಖಚಿತ. ದಿಕ್ಕಿನ ಹೆಸರನ್ನು ಹೊತ್ತ ಈ ಜನ ಕನ್ನಡ ಚರಿತ್ರೆಯ ಅಂಚಿನವರಲ್ಲ, ಅದರ ಸ್ವಂತ ಕವಲು.