ಧಾತು ಬರದ ಕಥೆಯನ್ನು ಹುಡುಗ ಹೇಳಿದರೆ

ಭೂಕಂಪ, ಸುನಾಮಿಯಲ್ಲಿ ಬದುಕುಳಿದ ಹುಡುಗರ ಕಾದಂಬರಿ ಹೈಸ್ಕೂಲು ಮಕ್ಕಳಿಗೆ ಇಷ್ಟ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಆಪತ್ತು ಸದ್ದಿಲ್ಲದೆ ಬರುವಂಥದ್ದು: ಬರ.

1876, ಧಾತು ಸಂವತ್ಸರ. ಮಳೆ ಕೈಕೊಟ್ಟಿತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಬಿದ್ದ ಪೆಟ್ಟು ಬಹಳ ದೊಡ್ಡದು. ಬರದ ಕಾಮಗಾರಿಯಲ್ಲಿ ದುಡಿವ ಗಂಡಾಳಿಗೆ 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ದಿನಗೂಲಿ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದಾಣೆ. ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ! ಇದು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಷ್ ಜಗಳಕ್ಕೇ ನಿಂತರು. ಕೆಲ ತಿಂಗಳಲ್ಲಿ ಕೂಲಿ ಏರಿತು.

ಅನಂತಮೂರ್ತಿಯವರ ‘ಬರ’ದಲ್ಲಿ ಕಾಣುವುದು ಜಿಲ್ಲಾಧಿಕಾರಿಯ ಕಣ್ಣು. ಹದಿಮೂರರ ಹುಡುಗನ ಪ್ರಶ್ನೆಗಳೇ ಬೇರೆ. ಬೀಜದ ಜೋಳ ತಿನ್ನೋದೋ, ಮುಚ್ಚಿಡೋದೋ? ಎತ್ತು ಮಾರೋದೋ? ಅಜ್ಜಿಯನ್ನು ಬಿಟ್ಟು ಗುಳೆ ಹೋಗೋದೋ? ಇದಕ್ಕಿಂತ ಸಾಹಸ ಬೇಕೇ?

ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಗುಳೆಯ ಗಂಟುಮೂಟೆ ಈಗಲೂ ಬಸ್ಸು ಹತ್ತುತ್ತದೆ, ಜೊತೆಗೆ ಶಾಲೆ ಬಿಟ್ಟ ಮಕ್ಕಳೂ.