ಚುಕ್ಕೆ ಗೆರೆಯ ದಾರಿ ಯಾರದ್ದು?

ಹದ್ದುಬಸ್ತು ಮಾಡಿಸಿದರೆ ಜಗಳ ಮುಗಿಯುತ್ತದೆ ಅಂದುಕೊಳ್ಳುತ್ತೇವೆ. ನಾವು ನೋಡಿದ ಎಷ್ಟೋ ಹೊಲಗಳಲ್ಲಿ ಜಗಳ ಹತ್ತಿದ್ದೇ ಅಳತೆಯ ದಿನ. ಬಂಡಿದಾರಿ ತನ್ನ ಸರ್ವೆ ನಂಬರಿನೊಳಗೆ ಬಂತೆಂದು ಒಬ್ಬ ಬೇಲಿ ಹಾಕುತ್ತಾನೆ. ನಕಾಶೆಯಲ್ಲಿ ಚುಕ್ಕೆ ಗೆರೆ ಇದೆ, ಜಾಗ ಸರ್ಕಾರದ್ದು ಎಂದು ಇನ್ನೊಬ್ಬ ಅದನ್ನು ಕೀಳುತ್ತಾನೆ. ಇಬ್ಬರದೂ ಅರ್ಧ ಸರಿ.

ಗೊಂದಲದ ಬೇರು ಹಳೆಯದು. ಬ್ರಿಟಿಷರ ಕಾಲದಲ್ಲಿ ಧಾರವಾಡದ ಕಡೆ, 1863ರಿಂದ ಮೈಸೂರಿನಲ್ಲಿ ನಡೆದ ಸರ್ವೆಯ ಮುಖ್ಯ ಗುರಿ ಕಂದಾಯ. 33 ಅಡಿ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕವೇ ನಮ್ಮ ಗುಂಟೆ. ಕಂದಾಯ ಬಿಟ್ಟ ಜಾಗ ಖರಾಬು. 1966ರ ನಿಯಮಗಳ ಪ್ರಕಾರ ಕೃಷಿಗೆ ಬಾರದ ನೆಲ, ರೈತನ ಕಣ, ಹೊಲದ ಮನೆ ‘ಎ’ ಖರಾಬು. ರಸ್ತೆ, ಸ್ಮಶಾನದಂಥವು ‘ಬಿ’ ಖರಾಬು. ‘ಬಿ’ ಎಂದು ಕಳೆಯದೆ ಬರೀ ಚುಕ್ಕೆ ಎಳೆದ ದಾರಿಯಲ್ಲಿ ಸಾಮಾನ್ಯವಾಗಿ ನೆಲ ಹಿಡುವಳಿದಾರನದೇ. ಆದರೆ ಓಡಾಟ ತಡೆಯುವ ಹಕ್ಕು ಅದರ ಜೊತೆ ಬರುವುದಿಲ್ಲ.

ದಾರಿಹಕ್ಕಿನ ಕಾನೂನು ಬೇರೆಯೇ, 1882ರದ್ದು. ಕೊಡಗಿಗೆ ಆಗಲೇ ಬಂತು, ಮುಂಬೈ ಪ್ರಾಂತ್ಯಕ್ಕೆ 1891ರಲ್ಲಿ. ಖಾಸಗಿ ಹೊಲದಲ್ಲಿ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದರೆ ದಾರಿಹಕ್ಕು ಹುಟ್ಟುತ್ತದೆ. ಅಪ್ಪಣೆ ಕೇಳಿ ಓಡಾಡಿದ್ದು ಲೆಕ್ಕಕ್ಕಿಲ್ಲ. ತಮಾಷೆಯೆಂದರೆ, ಈ ಹಕ್ಕು ಕೇಳುವವನು ನೆಲ ತನ್ನದಲ್ಲ ಎಂದು ಒಪ್ಪಿಕೊಂಡೇ ಕೇಳಬೇಕು! ಅದಕ್ಕೇ ‘ಜಾಗವೂ ನಂದೇ, ದಾರಿಯೂ ನಂದೇ’ ಎಂದವರ ವಾದ ಕೋರ್ಟಿನಲ್ಲಿ ಎಡವುತ್ತದೆ.

ಸರ್ವೇಯರ್ ಹೇಳುವುದು ಅಳತೆ ಮಾತ್ರ. ಬೇಲಿಗೆ ಗುಂಡಿ ತೋಡುವ ಮುಂಚೆ ಗ್ರಾಮ ನಕಾಶೆಯ ಜೊತೆ ಆಕಾರಬಂದ್ ನಕಲನ್ನೂ ತೆಗೆಸಿ, ಖರಾಬಿನ ಕಲಂ ನೋಡಿ.